ಮಣ್ಣಿನ ಮಗು

ನನ್ನ ಮನೆಯ ನಡುಮನೆಯಲ್ಲಿ ಗಾಜಿನ ಬಾಗಿಲಿನ ಒಂದು ಹಳೆಯ ಬೀರು ಇದೆ. ಅದರ ನಾಲ್ಕು ಅಂತಸ್ತುಗಳ ತುಂಬ ಮಣ್ಣಿನ ಗೊಂಬೆಗಳು. ಮನೆಗೆ ಬಂದ ವಿದ್ಯಾರ್ಥಿಗಳು ಪುಸ್ತಕದ ಕಪಾಟನ್ನು ನೋಡುವ ಮೊದಲೇ ಈ ಬೀರುವಿನ ಮುಂದೆ ನಿಲ್ಲುತ್ತಾರೆ. ಅವರಲ್ಲಿ ಯಾರಾದರೊಬ್ಬರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಮೂರನೆಯ ಅಂತಸ್ತಿನ ಬಲತುದಿಯಲ್ಲಿ ಅಂಗೈಯಗಲದ ಜಾಗವೊಂದು ಖಾಲಿ ಇರುವುದೇಕೆ? ಗೊಂಬೆಗಳು ಒಂದಕ್ಕೊಂದು ತಾಗುವಷ್ಟು ಇಕ್ಕಟ್ಟಾಗಿರುವಾಗ ಅಲ್ಲಿಗೊಂದನ್ನು ಸರಿಸಬಾರದೇ? ಇಷ್ಟು ದಿನ ಈ ಪ್ರಶ್ನೆಯನ್ನು ನಗುತ್ತಲೇ ತಪ್ಪಿಸಿಕೊಂಡಿದ್ದೇನೆ. ಈ ಸಲ ವಿಭಾಗದ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ವಿದ್ಯಾರ್ಥಿಗಳು ಕೇಳಿದಾಗ, ಆ ಉತ್ತರವನ್ನೇ ಬರೆದುಕೊಡುವುದು ನ್ಯಾಯವೆಂದು ತೋರಿತು.

ನಾನು ಹುಟ್ಟಿ ಬೆಳೆದದ್ದು ಬಾಗಲೂರಿನಲ್ಲಿ. ಹೊಸೂರಿನಿಂದ ಮಾಲೂರಿನ ಕಡೆಗೆ ಹೋಗುವ ರಸ್ತೆಯಲ್ಲಿರುವ ಊರು. ಒಂದು ಕಾಲಕ್ಕೆ ಪಾಳೆಯಗಾರರ ಠಾಣ್ಯ. ಸಮೀಪದಲ್ಲೇ ದಕ್ಷಿಣ ಪಿನಾಕಿನಿ ಕರ್ನಾಟಕವನ್ನು ದಾಟಿ ತಮಿಳುನಾಡಿಗೆ ಬರುತ್ತದೆ. ನದಿಗೆ ಗಡಿಯ ಅರಿವಿಲ್ಲ. ನಮ್ಮ ಬೀದಿಗೂ ಇರಲಿಲ್ಲ. ನನ್ನ ತಂದೆ ತಮ್ಮ ಬಾಲ್ಯದಲ್ಲಿ ಸೇಲಂ ಜಿಲ್ಲೆಯವರಾಗಿದ್ದರು; 1965ರಲ್ಲಿ ಧರ್ಮಪುರಿ ಜಿಲ್ಲೆಯವರಾದರು; 2004ರಲ್ಲಿ ಕೃಷ್ಣಗಿರಿ ಜಿಲ್ಲೆಯವರಾದರು. ಅಷ್ಟೂ ಕಾಲ ಅವರು ಒಂದೇ ಮನೆಯ ಒಂದೇ ಜಗಲಿಯ ಮೇಲೆ ಕುಳಿತಿದ್ದರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು: ಇದು ನಮಗೆ ಸಾಧನೆಯಾಗಿರಲಿಲ್ಲ, ಉಸಿರಾಟದಂತಹ ಅಭ್ಯಾಸವಾಗಿತ್ತು.

ಅಜ್ಜಿಯ ತವರು ಗಡಿಯ ಆಚೆಗಿನ ಮಾಲೂರು. ಇಟ್ಟಿಗೆ ಮತ್ತು ಹೆಂಚಿಗೆ ಹೆಸರಾದ ಊರು. ಮದುವೆಯಾಗಿ ಬರುವಾಗ ಅವಳು ತನ್ನೊಡನೆ ಒಂದು ಮರದ ಪೆಟ್ಟಿಗೆಯನ್ನು ತಂದಿದ್ದಳು. ವರ್ಷದ ಹನ್ನೊಂದು ತಿಂಗಳು ಅದು ಅಟ್ಟದ ಮೇಲಿರುತ್ತಿತ್ತು. ಮಹಾಲಯ ಅಮಾವಾಸ್ಯೆ ಕಳೆದೊಡನೆ ಕೆಳಗಿಳಿಯುತ್ತಿತ್ತು. ಒಳಗೆ ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿ, ನಡುನಡುವೆ ಹುಲ್ಲು ತುಂಬಿ ಮಲಗಿಸಿದ ಗೊಂಬೆಗಳು. ಪಟ್ಟದ ರಾಜ ರಾಣಿಯರು ಮಾತ್ರ ಮರದವು, ಉಳಿದವೆಲ್ಲ ಮಣ್ಣಿನವು. ದಶಾವತಾರದ ಸಾಲು, ಅದರಲ್ಲಿ ಕೂರ್ಮನಿಗೆ ಮೂಗಿಲ್ಲ. ಕೊಳಲಿಲ್ಲದ ಕೃಷ್ಣ. ಅಕ್ಕಿ ಬೇಳೆಗಳನ್ನು ಮುಂದೆ ಹರಡಿಕೊಂಡು ಹೊಟ್ಟೆ ಬಿಟ್ಟು ಕುಳಿತ ಶೆಟ್ಟಿ, ಪಕ್ಕದಲ್ಲಿ ಶೆಟ್ಟಮ್ಮ. ನವರಾತ್ರಿಯ ಸಂಜೆ ಬೀದಿಯ ಮಕ್ಕಳು ಗುಂಪುಗೂಡಿ ಬಾಗಿಲಲ್ಲಿ ನಿಂತು "ಗೊಂಬೆ ಕೂರ್ಸಿದ್ದೀರಾ?" ಎಂದು ಕೂಗುತ್ತಿದ್ದರು. ಅದೇ ಮಾತನ್ನು ಒಬ್ಬರು ಬೊಮ್ಮಲ ಕೊಲುವು ಎಂದೂ ಇನ್ನೊಬ್ಬರು ಕೊಲು ಎಂದೂ ಕೇಳುತ್ತಿದ್ದರು. ಅಜ್ಜಿ ಮೂವರಿಗೂ ಒಂದೇ ಅಳತೆಯಲ್ಲಿ ಕಡಲೆ ಉಸಲಿ ಕೊಡುತ್ತಿದ್ದಳು. ವಿಜಯದಶಮಿಯ ರಾತ್ರಿ ಆರತಿಯಾದ ಮೇಲೆ ಒಂದು ಗೊಂಬೆಯನ್ನು ಮೆಲ್ಲನೆ ಮಲಗಿಸಿ, "ಇನ್ನು ನಿದ್ದೆ ಮಾಡ್ರಪ್ಪ, ಮುಂದಿನ ವರ್ಷ ಎಬ್ಬಿಸ್ತೀನಿ" ಎನ್ನುತ್ತಿದ್ದಳು.

ಅಜ್ಜಿ ತೀರಿಕೊಂಡ ಮೇಲೆ ಪೆಟ್ಟಿಗೆ ಪಾಲಾಯಿತು. ಹೊಲ ಪಾಲಾದಾಗ ಆಡದ ಮಾತುಗಳನ್ನು ನಮ್ಮ ಹಿರಿಯರು ಗೊಂಬೆಗಳು ಪಾಲಾದಾಗ ಆಡಿದರು. ದಶಾವತಾರದಲ್ಲಿ ಐದು ಅವತಾರಗಳು ಬೆಂಗಳೂರಿಗೂ ಐದು ಸೇಲಂಗೂ ಹೋದವು. ನನ್ನ ಪಾಲಿಗೆ ಬಂದದ್ದು ಶೆಟ್ಟಮ್ಮ. ಶೆಟ್ಟಿ ಅತ್ತೆಯ ಮನೆಗೆ ಹೋದ. ಒಂಟಿಯಾದ ಆ ಶೆಟ್ಟಮ್ಮನಿಗೆ ಜೊತೆ ಹುಡುಕಲು ಹೊರಟವನು ನಾನು. ಸಂಗ್ರಹದ ಗೀಳು ಹೀಗೆ ಅಂಟಿಕೊಂಡಿತು.

ಕೆಲಸ ಸಿಕ್ಕಿ ಸಂಬಳ ಬರತೊಡಗಿದ ಮೇಲೆ ಗೀಳಿಗೆ ರೆಕ್ಕೆ ಬಂತು. ಬೆಂಗಳೂರಿನ ಪಾಟರಿ ಟೌನಿನ ಕುಂಬಾರ ಓಣಿಗಳಲ್ಲಿ ಅಲೆದೆ. ಪನ್ರುಟ್ಟಿಯಿಂದ ಬಂದ ಅಚ್ಚಿನ ಗೊಂಬೆಗಳನ್ನು ಹೊಸೂರಿನ ಸಂತೆಯಲ್ಲಿ ಕೊಂಡೆ. ತಂಜಾವೂರಿನ ತಲೆಯಾಡಿಸುವ ಗೊಂಬೆಯನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮೈಸೂರಿಗೆ ಹೋದಾಗಲೆಲ್ಲ ಅರಮನೆಯ ಗೊಂಬೆ ತೊಟ್ಟಿಯ ಮುಂದೆ ಕಾವಲುಗಾರರು ಎಚ್ಚರಿಸುವವರೆಗೂ ನಿಲ್ಲುತ್ತಿದ್ದೆ. ನಿಧಾನವಾಗಿ ಕಣ್ಣು ಪಳಗಿತು. ಅಚ್ಚಿನಲ್ಲಿ ಒತ್ತಿದ ಗೊಂಬೆಗೆ ಎರಡು ಮಗ್ಗುಲಲ್ಲೂ ಬೆಸುಗೆಯ ಸಣ್ಣ ಏಣು ಇರುತ್ತದೆ. ಕೈಯಲ್ಲಿ ಮಾಡಿದ್ದರಲ್ಲಿ ಬೆರಳಿನ ಗುರುತಿರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಚೆನ್ನಾಗಿ ಬೆಂದ ಮಣ್ಣು ಕಂಚಿನಂತೆ ನುಡಿಯುತ್ತದೆ. ಅರೆಬೆಂದದ್ದು ಮಂಕಾಗಿ ಸದ್ದು ಮಾಡುತ್ತದೆ. ದೊಡ್ಡ ಗೊಂಬೆಯ ಒಳಗು ಟೊಳ್ಳಾಗಿರಬೇಕು, ಎಲ್ಲಾದರೂ ಒಂದು ತೂತಿರಬೇಕು. ಇಲ್ಲವಾದರೆ ಒಳಗಿನ ತೇವ ಆವಿಯಾಗಿ ಹೊರದಾರಿ ಕಾಣದೆ ಗೊಂಬೆಯನ್ನು ಆವಿಗೆಯಲ್ಲೇ ಸಿಡಿಸುತ್ತದೆ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೆ. ಅದರ ಪೂರ್ವಾರ್ಧದ ಅರ್ಥ ತಿಳಿದದ್ದು ಈ ಅಲೆದಾಟದಲ್ಲಿ.

ಆ ದಿನಗಳಲ್ಲೇ ಗ್ರಂಥಾಲಯವೊಂದರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತ್ಯದ ಪ್ಯೂಬ್ಲೊ ಜನರ ಮಣ್ಣಿನ ಗೊಂಬೆಗಳ ಚಿತ್ರಗಳನ್ನು ಕಂಡೆ. ಕೊಚಿಟಿ ಎಂಬ ಪ್ಯೂಬ್ಲೊ ಊರಿನ ಹೆಲೆನ್ ಕೊರ್ಡೆರೊ ಎಂಬ ಮಹಿಳೆ 1964ರಲ್ಲಿ ಒಂದು ಗೊಂಬೆಯನ್ನು ಮಾಡಿದಳು. ಕುಳಿತ ಮುದುಕ, ಅವನ ಮೈಮೇಲೆ ಹತ್ತಿಕೊಂಡ ಐದು ಮಕ್ಕಳು. ಅವಳ ಅಜ್ಜ ಸ್ಯಾಂಟಿಯಾಗೊ ಕ್ವಿಂಟಾನ ಊರಿನ ಹೆಸರಾಂತ ಕತೆಗಾರ. ಕತೆ ಹೇಳುವಾಗ ಮಕ್ಕಳು ಅವನನ್ನು ಮುತ್ತಿಕೊಳ್ಳುತ್ತಿದ್ದರಂತೆ. ಮಗುವನ್ನೆತ್ತಿಕೊಂಡ ತಾಯಿಯ ಗೊಂಬೆಗಳು ಆ ಊರಿನಲ್ಲಿ ಮೊದಲಿನಿಂದಲೂ ಇದ್ದವು. ಅಲೆಕ್ಸಾಂಡರ್ ಜಿರಾರ್ಡ್ ಎಂಬ ಜಾನಪದ ಕಲೆಯ ಸಂಗ್ರಾಹಕ ಇನ್ನೂ ದೊಡ್ಡದನ್ನು, ಹೆಚ್ಚು ಮಕ್ಕಳಿರುವುದನ್ನು ಮಾಡಿಕೊಡೆಂದು ಕೇಳಿದಾಗ ಅವಳಿಗೆ ನೆನಪಾದದ್ದು ಆ ಅಜ್ಜ. ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ, ಯೋಚಿಸುತ್ತಿದ್ದಾನೆ, ಹಾಡುತ್ತಿದ್ದಾನೆ. ಊರ ಬಳಿಯ ಮಣ್ಣು, ಬಿಳಿ ಮಣ್ಣಿನ ಲೇಪ, ಕಾಡುಗಿಡವೊಂದನ್ನು ಕುದಿಸಿ ತೆಗೆದ ಕಪ್ಪು, ಸುಡಲು ದನದ ಸಗಣಿ. ಮುಂದೆ ಅವಳ ಗೊಂಬೆಗಳಲ್ಲಿ ಮಕ್ಕಳ ಸಂಖ್ಯೆ ಇಪ್ಪತ್ತನ್ನೂ ಮೀರಿತು. ಇತರ ಪ್ಯೂಬ್ಲೊ ಊರುಗಳ ಕುಂಬಾರರೂ ಆ ರೂಪವನ್ನು ಎತ್ತಿಕೊಂಡು ತಮ್ಮದಾಗಿಸಿಕೊಂಡರು. ಸಾವಿರಾರು ಮೈಲಿ ಆಚೆಗಿನ ಆ ಮುದುಕನ ತೆರೆದ ಬಾಯಿಯಲ್ಲಿ ನನಗೆ ನನ್ನ ಅಜ್ಜಿಯ ದನಿ ಕೇಳಿಸಿತು.

ಅವಳ ಗೊಂಬೆಗಿಂತ ಹೆಚ್ಚಾಗಿ ನನ್ನನ್ನು ಆಕರ್ಷಿಸಿದವನು ಆ ಸಂಗ್ರಾಹಕ ಎಂಬುದನ್ನು ಈಗ ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಜಿರಾರ್ಡ್ 1978ರಲ್ಲಿ ಸ್ಯಾಂಟ ಫೆ ನಗರದ ಅಂತರರಾಷ್ಟ್ರೀಯ ಜಾನಪದ ಕಲಾ ವಸ್ತುಸಂಗ್ರಹಾಲಯಕ್ಕೆ ಕೊಟ್ಟ ವಸ್ತುಗಳು 1,00,000ಕ್ಕೂ ಹೆಚ್ಚು. ಒಬ್ಬ ಮನುಷ್ಯ ಅಷ್ಟನ್ನು ಕೂಡಿಹಾಕಬಲ್ಲನಾದರೆ ನಾನು ನನ್ನ ಸೀಮೆಯ ನೂರನ್ನಾದರೂ ಉಳಿಸಲಾರೆನೇ ಎಂಬ ಹುಮ್ಮಸ್ಸು ಬಂತು. 'ಉಳಿಸುವುದು' ಎಂಬ ಶಬ್ದ ಎಷ್ಟು ಮೋಸಗಾರ ಎಂಬುದು ಆಗ ಹೊಳೆಯಲಿಲ್ಲ.

ನಮ್ಮ ಊರಿನಿಂದ ಸ್ವಲ್ಪ ದೂರದಲ್ಲಿ, ಕೆರೆಯ ಏರಿಯ ಕೆಳಗೆ, ಬೇವಿನ ಮರವೊಂದರ ಬುಡದಲ್ಲಿ ಮುನೇಶ್ವರನ ಸಣ್ಣ ಗುಡಿಯಿತ್ತು. ಗುಡಿಯೆಂದರೆ ಮೂರು ಚಪ್ಪಡಿ ಕಲ್ಲು, ಒಂದು ಶೂಲ. ಸುತ್ತ ಹರಕೆಯ ಮಣ್ಣಿನ ರೂಪಗಳು ಬಿದ್ದಿದ್ದವು: ಕೊಂಬು ಮುರಿದ ಎತ್ತು, ತಲೆಯಿಲ್ಲದ ನಾಯಿ, ಕಾಲು ಕಳೆದುಕೊಂಡ ಕುದುರೆ. ಒಂದು ಸಂಜೆ ಅವುಗಳ ನಡುವೆ ಮಣ್ಣಿನಲ್ಲಿ ಅರ್ಧ ಹೂತುಹೋಗಿದ್ದ ಒಂದು ಮಗುವನ್ನು ಕಂಡೆ. ಗೇಣುದ್ದದ ಹಸುಗೂಸು. ಅಂಗಾತ ಮಲಗಿ ಎರಡೂ ಕೈಗಳನ್ನು ಮುಷ್ಟಿ ಹಿಡಿದಿತ್ತು. ಎಡಗೆನ್ನೆಯ ಪದರ ಎದ್ದುಹೋಗಿತ್ತು. ಹೊಕ್ಕುಳಿನ ಜಾಗದಲ್ಲಿ ಒಂದು ಸಣ್ಣ ದುಂಡನೆಯ ಗುಳಿ. ಸುತ್ತ ಯಾರೂ ಇರಲಿಲ್ಲ. ಮಳೆಗೆ ಹಾಳಾಗಿ ಹೋಗುತ್ತದೆ, ಉಳಿಸಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅಂಗವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ದಾರಿಯುದ್ದಕ್ಕೂ ಹಿಂತಿರುಗಿ ನೋಡುತ್ತ ಬಂದೆ. ಉಳಿಸುವವನು ಹಿಂತಿರುಗಿ ನೋಡಬೇಕಾದ ಅಗತ್ಯವೇನಿತ್ತು ಎಂದು ಅಂದೇ ಕೇಳಿಕೊಂಡಿದ್ದರೆ ಈ ಲೇಖನ ಬೇಕಾಗುತ್ತಿರಲಿಲ್ಲ.

ಎರಡು ವರ್ಷ ಆ ಮಗು ನನ್ನ ಬೀರುವಿನ ಮೂರನೆಯ ಅಂತಸ್ತಿನ ಬಲತುದಿಯಲ್ಲಿತ್ತು. ಬಂದವರಿಗೆಲ್ಲ ಮೊದಲು ತೋರಿಸುತ್ತಿದ್ದುದು ಅದನ್ನೇ. ಉಳಿದವನ್ನು ಹಣ ಕೊಟ್ಟು ಯಾರು ಬೇಕಾದರೂ ಕೊಳ್ಳಬಹುದು, ಇದು ಹಾಗಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಹಾಗೆ ಹೇಳುವಾಗ ಎಷ್ಟು ದೊಡ್ಡ ಸತ್ಯವನ್ನು ಹೇಳುತ್ತಿದ್ದೇನೆಂದು ತಿಳಿದಿರಲಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೂ ತಿಗರಿ ತಿರುಗಿಸುತ್ತಿದ್ದ ಮುದುಕರೊಬ್ಬರ ಪರಿಚಯವಾದದ್ದು ಆಮೇಲೆ. ಮನೆಮಾತು ತೆಲುಗು, ನನ್ನೊಡನೆ ಕನ್ನಡ. ನಾನು ಅವರನ್ನು ತಾತ ಎಂದು ಕರೆಯುತ್ತಿದ್ದೆ, ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಅವರ ಇಬ್ಬರು ಮಕ್ಕಳೂ ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು. ಮಣ್ಣು ತುಳಿಯುವ, ಮರಳು ಬೆರೆಸುವ, ನೆರಳಿನಲ್ಲಿ ಆರಿಸುವ, ಹುಲ್ಲು ಬೆರಣಿಗಳ ನಡುವೆ ಜೋಡಿಸಿ ಸುಡುವ ಕ್ರಮಗಳನ್ನೆಲ್ಲ ಅವರಿಂದ ಕೇಳಿ ಬರೆದುಕೊಳ್ಳುತ್ತಿದ್ದೆ. ಒಮ್ಮೆ ಅವರು ಏನೋ ಕೆಲಸಕ್ಕೆ ಊರಿಗೆ ಬಂದವರು ನನ್ನ ಮನೆಗೂ ಬಂದರು. ಬೀರುವಿನ ಮುಂದೆ ಕರೆದೊಯ್ದು, ಸಾಲಿನ ನಡುವಿನಿಂದ ಆ ಮಗುವನ್ನು ತೆಗೆದು ಅವರ ಕೈಗಿಟ್ಟೆ. ಮೆಚ್ಚುಗೆಯ ಮಾತಿಗಾಗಿ ಕಾದೆ.

ತಾತ ಅದನ್ನು ಎರಡೂ ಅಂಗೈಗಳಲ್ಲಿ ತಗೊಂಡರು, ನಿಜವಾದ ಕೂಸನ್ನು ತೆಗೆದುಕೊಳ್ಳುವಂತೆ. ಹೆಬ್ಬೆರಳಿನಿಂದ ಹೊಕ್ಕುಳಿನ ಗುಳಿಯನ್ನು ಸವರಿದರು. "ನಮ್ಮಪ್ಪನ ಕೈ ಇದು" ಎಂದರು. "ರಾಗಿ ಕಡ್ಡಿ ತುದೀಲಿ ಹಿಂಗೆ ಒತ್ತೋನು. ಬೇರೆ ಯಾರೂ ಹಂಗೆ ಮಾಡ್ತಿರ್ಲಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಇದನ್ಯಾಕೆ ಎತ್ಕೊಂಡು ಬಂದ್ರಿ ಮೇಷ್ಟ್ರೇ? ಇದು ಯಾರದೋ ಮಗು."

ಬಿಸಿಲಿಗೆ, ಮಳೆಗೆ ಹಾಳಾಗುತ್ತಿತ್ತು ಎಂದೆ. ಹಾಳಾಗಲಿ ಎಂದೇ ಇಡುವುದು ಎಂದರು ತಾತ. ಮಕ್ಕಳಿಲ್ಲದವರು, ಕೂಸಿಗೆ ಕಾಯಿಲೆಯಾದವರು ಹರಕೆ ಹೊರುತ್ತಿದ್ದರಂತೆ. ಹರಕೆ ಫಲಿಸಿದ ಮೇಲೆ ಕುಂಬಾರರ ಮನೆಗೆ ಮೊರದಲ್ಲಿ ಅಕ್ಕಿ, ವೀಳ್ಯ, ಕಾಣಿಕೆ ತಂದು ಮಣ್ಣಿನ ಮಗುವನ್ನು ಸೆರಗಿನಲ್ಲಿ ಹಾಕಿಸಿಕೊಂಡು ಹೋಗುತ್ತಿದ್ದರಂತೆ. ಗುಡಿಯ ಬಳಿ ಮಲಗಿಸಿ, ಹಿಂದೆ ನೋಡದೆ ಮನೆಗೆ ಬರಬೇಕಂತೆ. "ಮಗು ಮನೇಲಿರ್ಬೇಕು, ಮಣ್ಣು ಗುಡೀಲಿರ್ಬೇಕು. ಈ ಮಣ್ಣು ಸವೆದಷ್ಟೂ ಆ ಮಗು ಬೆಳೀತದೆ ಅಂತ ನಮ್ಮಪ್ಪ ಹೇಳೋನು." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾದ ಮಾಡಬಹುದಿತ್ತು. ಅವರು ಮಗುವನ್ನು ಬೀರುವಿನಲ್ಲಿಡಲಿಲ್ಲ, ನನ್ನ ಕೈಗೂ ಕೊಡಲಿಲ್ಲ. ನೆಲದ ಮೇಲೆ ತಮ್ಮ ವಲ್ಲಿಯನ್ನು ಹಾಸಿ ಅದರ ಮೇಲೆ ಮಲಗಿಸಿ ಎದ್ದು ಹೋದರು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಆ ಹರಕೆ ಹೊತ್ತ ತಾಯಿ ಯಾರು? ಆ ಕೂಸು ಈಗ ಎಷ್ಟು ದೊಡ್ಡದಾಗಿರಬಹುದು? ನನ್ನ ತರಗತಿಯಲ್ಲೇ ಕುಳಿತಿರಬಹುದೇ? ನಾನು ಹರಕೆಗಳನ್ನು ನಂಬುವವನಲ್ಲ. ಆದರೆ ನಂಬದಿರುವುದು ಬೇರೆ, ಇನ್ನೊಬ್ಬರು ನಂಬಿ ಇಟ್ಟದ್ದನ್ನು ಎತ್ತಿಕೊಂಡು ಬರುವುದು ಬೇರೆ.

ಮತ್ತೆ ಪ್ಯೂಬ್ಲೊ ಜನರ ಬಗೆಗಿನ ಬರಹಗಳನ್ನು ಹುಡುಕಿ ಓದಿದೆ. ಮೊದಲ ಸಲ ನಾನು ದಾಟಿಹೋಗಿದ್ದ ಪುಟಗಳಲ್ಲಿ ಜೂನಿ ಎಂಬ ಪ್ಯೂಬ್ಲೊ ಸಮುದಾಯದ ಕತೆಯಿತ್ತು. ಅವರಲ್ಲಿ ಇಬ್ಬರು ಸಹೋದರ ಯುದ್ಧದೇವತೆಗಳಿದ್ದಾರೆ. ಮರದಲ್ಲಿ ಕಡೆದ ಅವರ ರೂಪಗಳನ್ನು ಬಯಲಿನ ಗುಡಿಗಳಲ್ಲಿ ನಿಲ್ಲಿಸಿ ಗಾಳಿ, ಮಳೆ, ಹಿಮಕ್ಕೆ ಬಿಡುತ್ತಾರೆ. ಅವು ನಶಿಸಿ ಮಣ್ಣಿಗೆ ಸೇರುವುದೇ ಅವುಗಳ ಕೆಲಸ. ಅವು ಊರಿನ ಒಟ್ಟು ಸೊತ್ತು. ಯಾರೊಬ್ಬರೂ ಮಾರುವಂತಿಲ್ಲ, ದಾನ ಕೊಡುವಂತಿಲ್ಲ. ಹಾಗಾಗಿ ಊರ ಹೊರಗೆ ಎಲ್ಲೇ ಇದ್ದರೂ ಅದು ಕದ್ದದ್ದೇ ಎಂಬುದು ಅವರ ವಾದ. ಎಷ್ಟೋ ರೂಪಗಳು ವಸ್ತುಸಂಗ್ರಹಾಲಯಗಳಿಗೂ ಸಂಗ್ರಾಹಕರ ಮನೆಗಳಿಗೂ ಸೇರಿಹೋಗಿದ್ದವು. 1978ರಿಂದ ಜೂನಿಗಳು ಒಂದೊಂದಾಗಿ ಮರಳಿ ಕೇಳತೊಡಗಿದರು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ 1987ರಲ್ಲಿ ತನ್ನಲ್ಲಿದ್ದವನ್ನು ಒಪ್ಪಿಸಿತು. 1990ರಲ್ಲಿ ಮೂಲನಿವಾಸಿಗಳ ಪವಿತ್ರ ವಸ್ತುಗಳನ್ನು ಹಿಂದಿರುಗಿಸುವ ಕಾನೂನೇ ಆ ದೇಶದಲ್ಲಿ ಬಂತು. ಗಾಜಿನ ಪೆಟ್ಟಿಗೆಯಲ್ಲಿ ಕೆಡದೆ ಇದ್ದ ಆ ದೇವತೆಗಳು ಮರಳಿ ಬಯಲಿಗೆ ಬಂದು ನಶಿಸತೊಡಗಿದವು. ಕೆಡದಂತೆ ಕಾಪಾಡುವುದೇ ಕೆಡಿಸುವುದಾಗಬಹುದು ಎಂಬುದು ನನಗೆ ಆ ಪುಟಗಳಲ್ಲಿ ತಿಳಿಯಿತು.

ಇದನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿಯೂ ಇರಲಿಲ್ಲ. ಉತ್ತರ ಕರ್ನಾಟಕದ ಮಣ್ಣೆತ್ತಿನ ಅಮಾವಾಸ್ಯೆಯನ್ನು, ಆಷಾಢದ ಗುಳ್ಳವ್ವನನ್ನು, ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಹೋಗುವ ಜೋಕುಮಾರನನ್ನು ಜಾನಪದದ ಪಾಠದಲ್ಲಿ ವರ್ಷವರ್ಷವೂ ಹೇಳುತ್ತೇನೆ. ಅವೆಲ್ಲ ಹಸಿಮಣ್ಣಿನ ರೂಪಗಳು. ಪೂಜೆಗೊಂಡು ಮರಳಿ ಮಣ್ಣಾಗುವವು. ನಮ್ಮ ಮನೆಯ ಗಣಪತಿಯನ್ನು ಪ್ರತಿ ವರ್ಷವೂ ಬಾವಿಗೆ ಬಿಟ್ಟು ಬರುವಾಗ ಯಾರೂ ಅಯ್ಯೋ ಹಾಳಾಯಿತು ಎನ್ನುವುದಿಲ್ಲ. ಅಜ್ಜಿಯ ಪೆಟ್ಟಿಗೆಯ ಗೊಂಬೆಗಳು ಮಲಗಿ ಏಳುವವು. ಗಣಪತಿ ಕರಗಿ ಬರುವವನು. ಮಣ್ಣು ಒಂದೇ, ಬಾಳುವ ಬಗೆ ಎರಡು. ಹೆಲೆನ್ ಕೊರ್ಡೆರೊ ಮಾಡಿದ ಕತೆಗಾರ ಮಾರಲೆಂದೇ, ಮನೆಮನೆಗಳಲ್ಲಿ ಬಾಳಲೆಂದೇ ಹುಟ್ಟಿದವನು. ಜೂನಿಗಳ ದೇವತೆಗಳು ಹಾಗಲ್ಲ. ಸಂಗ್ರಾಹಕ ಮೊದಲು ಕಲಿಯಬೇಕಾದ ವಿದ್ಯೆ ಮಣ್ಣಿನ ಸದ್ದನ್ನು ಗುರುತಿಸುವುದಲ್ಲ, ಈ ಎರಡನ್ನು ಬೇರ್ಪಡಿಸುವುದು.

ಮುಂದಿನ ಶನಿವಾರ ಬೆಳಗ್ಗೆ ತಾತನ ವಲ್ಲಿಯಲ್ಲೇ ಮಗುವನ್ನು ಸುತ್ತಿಕೊಂಡು ಹೋದೆ. ಗುಡಿ ಬದಲಾಗಿತ್ತು. ಚಪ್ಪಡಿಗಳ ಜಾಗದಲ್ಲಿ ಸಿಮೆಂಟಿನ ಕಟ್ಟೆ, ಗೋಡೆಗೆ ಬಿಳಿಯ ಟೈಲ್ಸು. ಮಣ್ಣಿನ ಎತ್ತು ಕುದುರೆಗಳನ್ನು ಬಳಿದು ಮರದ ಹಿಂಬದಿಗೆ ಒಟ್ಟಿದ್ದರು. ಕಸ ಗುಡಿಸುತ್ತಿದ್ದ ವೃದ್ಧೆಯೊಬ್ಬರು ನನ್ನ ಕೈಯಲ್ಲಿದ್ದುದನ್ನು ನೋಡಿ, "ಯಾರ ಮನೆ ಹರಕೆಯಪ್ಪಾ?" ಎಂದು ಕೇಳಿದರು. "ಗೊತ್ತಿಲ್ಲಮ್ಮ, ನನ್ನದಲ್ಲ" ಎಂದೆ. ಇನ್ನೇನಾದರೂ ಕೇಳಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಅವರು ಕೇಳಲಿಲ್ಲ. "ನಿಂದಲ್ದಿದ್ರೇನು, ಇಡು" ಎಂದು ಪೊರಕೆಯಿಂದ ಒಂದಿಷ್ಟು ಜಾಗ ಮಾಡಿಕೊಟ್ಟರು. ಅಂಗಾತ ಮಲಗಿಸಿದೆ. ಈ ಸಲ ಹಿಂದೆ ನೋಡದೆ ಬಂದೆ.

ಆಮೇಲೆ ನನ್ನ ಸಂಗ್ರಹದ ರೀತಿ ಬದಲಾಯಿತು. ಕೊಳ್ಳುವುದನ್ನು ನಿಲ್ಲಿಸಲಿಲ್ಲ, ಕುಂಬಾರನ ಗೊಂಬೆಯನ್ನು ಕೊಳ್ಳುವವರಿಲ್ಲದಿದ್ದರೆ ತಿಗರಿ ನಿಲ್ಲುತ್ತದೆ. ಆದರೆ ಮಾರಲೆಂದು ಮಾಡಿದ್ದನ್ನು ಮಾತ್ರ, ಮಾಡಿದವರ ಕೈಯಿಂದಲೇ, ಅವರು ಹೇಳಿದ ಬೆಲೆಗೆ ಕೊಳ್ಳುತ್ತೇನೆ. ಗುಡಿಯಿಂದ, ಹೊಲದಿಂದ, ಕೆರೆಯಂಗಳದಿಂದ ಏನನ್ನೂ ಎತ್ತುವುದಿಲ್ಲ. ನೂರು ವರ್ಷ ದಾಟಿದ ಇಂತಹ ಕೃತಿಗಳು 1972ರ ಕಾಯಿದೆಯಂತೆ ಪುರಾವಸ್ತುಗಳೆನಿಸುತ್ತವೆ ಎಂಬುದನ್ನೂ ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು ನೆನಪಿಡಬೇಕು.

ವಸ್ತುಗಳಿಗಿಂತ ಹೆಚ್ಚಾಗಿ ಈಗ ಮಾತುಗಳನ್ನು ಸಂಗ್ರಹಿಸುತ್ತೇನೆ. ತಾತನ ಬಾಯಿಂದ ಕೇಳಿದ ತಿಗರಿ, ಆವಿಗೆ, ಕೆಮ್ಮಣ್ಣು, ಜೇಡಿ, ಹದ, ಬೆರಣಿ ಇಂತಹ ಶಬ್ದಗಳಿಗೆ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಒಂದೇ ವಸ್ತುವಿಗೆ ನಮ್ಮ ಬೀದಿಯ ಮೂರು ಭಾಷೆಗಳ ಹೆಸರುಗಳನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ಶಬ್ದವನ್ನು ಎತ್ತಿಕೊಂಡು ಬಂದರೆ ಅದು ಇದ್ದಲ್ಲಿಯೂ ಇರುತ್ತದೆ, ನಮ್ಮಲ್ಲಿಯೂ ಇರುತ್ತದೆ. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ಆದರೆ ಗಾಜಿನ ಬೀರುವಿನಲ್ಲಿಟ್ಟು ಉಳಿಸಬಹುದಾದ ವಸ್ತು ಭಾಷೆಯೂ ಅಲ್ಲ. ಕುಂಬಾರ ಗುಂಡಯ್ಯನ ಕತೆಯನ್ನು ಹರಿಹರನ ರಗಳೆಯಲ್ಲಿ ಓದುತ್ತೇವೆ. ಅವನು ಮಡಕೆ ತಟ್ಟಿದ ನಾದಕ್ಕೆ ಶಿವನೇ ಕುಣಿದನೆಂಬುದು ಕತೆ. ಮಡಕೆಯನ್ನು ತಟ್ಟುವ ಕೈ ಇರುವವರೆಗೆ ಆ ರಗಳೆಗೆ ಅರ್ಥವಿದೆ. ಕೈ ನಿಂತ ಮೇಲೆ ಅಡಿಟಿಪ್ಪಣಿ ಮಾತ್ರ ಉಳಿಯುತ್ತದೆ.

ತಾತನನ್ನು ಮತ್ತೆ ಭೇಟಿಯಾದಾಗ ವಲ್ಲಿಯನ್ನು ಒಗೆದು ಮಡಿಸಿ ಹಿಂದಿರುಗಿಸಿದೆ. ಇಟ್ಟು ಬಂದೆ ಎಂದೆ. ಅವರು ತಲೆಯಾಡಿಸಿದರು. ಬೀರುವಿಗೆಂದೇ ಒಂದು ಮಗುವನ್ನು ಮಾಡಿಕೊಡುವಿರಾ, ಬೆಲೆ ಎಷ್ಟಾದರೂ ಸರಿ ಎಂದು ಕೇಳಿದೆ. ತಾತ ನಕ್ಕುಬಿಟ್ಟರು. "ಮಗುವನ್ನ ಸುಮ್‌ಸುಮ್ನೆ ಮಾಡಕ್ಕಾಗಲ್ಲ ಮೇಷ್ಟ್ರೇ. ಕೇಳ್ಕೊಂಡು ಬರೋ ತಾಯಿ ಇರ್ಬೇಕು. ನಿಮಗೊಬ್ಬ ಶೆಟ್ಟೀನ ಮಾಡ್ಕೊಡ್ತೀನಿ, ನಿಮ್ಮಜ್ಜಿ ಶೆಟ್ಟಮ್ಮ ಒಂಟಿಯಾಗಿದಾಳಲ್ಲ." ಮಾಡಿಕೊಟ್ಟರು. ಹೊಟ್ಟೆ ಸ್ವಲ್ಪ ಹೆಚ್ಚಾಗಿಯೇ ಬಂದಿದೆ. ಶೆಟ್ಟಮ್ಮನಿಗಿಂತ ಎರಡು ಬೆರಳು ಗಿಡ್ಡ. ಅವನ ಹೊಕ್ಕುಳಿನಲ್ಲಿ ರಾಗಿ ಕಡ್ಡಿಯಿಂದ ಒತ್ತಿದ ಗುಳಿಯಿದೆ.

ಅದು ತಾತನ ಕೊನೆಯ ಗೊಂಬೆಗಳಲ್ಲಿ ಒಂದಾಯಿತು. ನವರಾತ್ರಿಯಲ್ಲಿ ಶೆಟ್ಟಿ ಶೆಟ್ಟಮ್ಮರನ್ನು ಜೊತೆಯಾಗಿ ಕೂರಿಸುತ್ತೇನೆ. ಉಳಿದ ದಿನಗಳಲ್ಲಿ ಅವರು ಬೀರುವಿನ ಎರಡನೆಯ ಅಂತಸ್ತಿನಲ್ಲಿರುತ್ತಾರೆ. ಮೂರನೆಯ ಅಂತಸ್ತಿನ ಬಲತುದಿಯನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಬೀರುವನ್ನು ಒರೆಸುವಾಗ ಆ ಜಾಗವನ್ನೂ ಒರೆಸುತ್ತೇನೆ.